ಬಂಡಿದಾರಿ ಮುಚ್ಚಬೇಡಿ: ಸ್ಪರ್ಧಾ ಆಯೋಗಕ್ಕೆ ಬೆಂಗಳೂರಿನಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು,
ಭಾರತೀಯ ಸ್ಪರ್ಧಾ ಆಯೋಗ,
ನವದೆಹಲಿ

ವಿಷಯ: ಕಂಪ್ಯೂಟರ್ ತಯಾರಿಸುವ ಕಂಪನಿಗಳು ನೆಟ್‌ವರ್ಕ್ ಸಾಫ್ಟ್‌ವೇರ್ ಕಂಪನಿಗಳನ್ನು ಕೊಳ್ಳುವ ಬಗ್ಗೆ

ಮಾನ್ಯ ಅಧ್ಯಕ್ಷರೇ,

ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವವನು. ದೊಡ್ಡ ಕಂಪನಿಯ ಎಂಜಿನಿಯರ್ ಅಲ್ಲ. ಗಾಂಧಿ ಬಜಾರಿನಲ್ಲಿ ಒಂದು ಆಡಿಟರ್ ಆಫೀಸು, ರಾಜಾಜಿನಗರದಲ್ಲಿ ಒಂದು ನರ್ಸಿಂಗ್ ಹೋಮು, ಪೀಣ್ಯದಲ್ಲಿ ಎರಡು ಮೆಷಿನ್ ಶಾಪು, ಒಂದೆರಡು ಶಾಲೆ, ಹೀಗೆ ಮೂವತ್ತು ಕಡೆ ಎಎಂಸಿ, ಅಂದರೆ ವರ್ಷದ ನಿರ್ವಹಣೆಯ ಗುತ್ತಿಗೆ, ಇಟ್ಟುಕೊಂಡಿದ್ದೇನೆ. ಕೇಬಲ್ ಎಳೆಯುತ್ತೇನೆ, ಸ್ವಿಚ್ ಕೂರಿಸುತ್ತೇನೆ, ರಾತ್ರಿ ಹತ್ತಕ್ಕೆ ಫೋನ್ ಮಾಡಿ ‘ನೆಟ್ ಹೋಗಿದೆ ಬನ್ನಿ’ ಅಂದರೆ ಗಾಡಿ ಹತ್ತುತ್ತೇನೆ.

ಕಂಪನಿಗಳನ್ನು ಕೊಳ್ಳುವ ಮಾರುವ ಸುದ್ದಿ ನಮ್ಮಂಥವರಿಗೆ ಏಕೆ ಬೇಕು ಅಂತ ನಿಮಗೆ ಅನ್ನಿಸಬಹುದು. ಅಲ್ಲಿ ಸಹಿ ಬಿದ್ದರೆ ಇಲ್ಲಿ ನನ್ನ ಫೋನ್ ಬಡಿದುಕೊಳ್ಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರ್ ಪೆಟ್ಟಿಗೆ ಮಾಡುವವರು ನೆಟ್‌ವರ್ಕ್ ಸಾಫ್ಟ್‌ವೇರ್ ಮಾಡುವವರನ್ನು ಕೊಳ್ಳಲು ಸುಮ್ನೆ ಬಿಡಬಾರದು. ಬಿಡಲೇಬೇಕು ಅನ್ನಿಸಿದರೆ, ಅದರ ಜೊತೆಗೆ ಒಂದು ಷರತ್ತು ಗಟ್ಟಿಯಾಗಿ ಕಟ್ಟಿಹಾಕಬೇಕು. ಆ ಷರತ್ತು ಕೊಂಡವರ ಹೆಸರಿಗಲ್ಲ, ಕೊಂಡ ಮಾಲಿಗೆ ಅಂಟಿಕೊಂಡಿರಬೇಕು.

ಸ್ವಲ್ಪ ಹಿಂದೆ ಹೋಗುತ್ತೇನೆ. ನಾನು ಕೆಲಸ ಕಲಿತದ್ದು ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ, 1996ರಲ್ಲಿ. ಮೇಲೆ ಬಟ್ಟೆ ಗೋಡೌನು, ಕೆಳಗೆ ನಾವು. ಪಿಸಿ ಅಸೆಂಬಲ್ ಮಾಡಿ, ನೆಟ್‌ವರ್ಕ್ ಕಾರ್ಡ್ ಹಾಕಿ, ಕಪ್ಪು ಕೋಆಕ್ಸಿಯಲ್ ಕೇಬಲ್‌ನಿಂದ ಒಂದಕ್ಕೊಂದು ಪೋಣಿಸುತ್ತಿದ್ದೆವು. ಕೇಬಲ್‌ನ ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್, ಅಂದರೆ ತುದಿ ಮುಚ್ಚುವ ಬಿರಡೆ, ಇರಬೇಕು. ಕಸ ಗುಡಿಸುವಾಗ ಪೊರಕೆ ತಾಗಿ ಅದು ಕಳಚಿದರೆ ಇಡೀ ಆಫೀಸು ನಿಂತುಹೋಗುತ್ತಿತ್ತು. ಅರ್ಧ ದಿನ ಮೇಜಿನ ಕೆಳಗೆ ತೆವಳಿ ಹುಡುಕಿದ್ದೇನೆ. ಇವತ್ತಿನ ಹುಡುಗರಿಗೆ ಹೇಳಿದರೆ ನಗುತ್ತಾರೆ.

ಆ ಪಿಸಿಗಳೆಲ್ಲ ಮಾತಾಡುತ್ತಿದ್ದುದು ನೋವೆಲ್ ಕಂಪನಿಯ ನೆಟ್‌ವೇರ್ ಎಂಬ ಸಾಫ್ಟ್‌ವೇರ್ ಮೂಲಕ. ಬೆಳಿಗ್ಗೆ ಬಂದವರು ‘ಎಫ್ ಡ್ರೈವ್’ಗೆ ಹೋಗಿ ಲಾಗಿನ್ ಆಗಬೇಕು. ಆಡಿಟರ್ ಆಫೀಸಿನ ವಯಸ್ಸಾದ ಗುಮಾಸ್ತರಿಗೂ ‘ಎಫ್ ಬಂದಿಲ್ಲಪ್ಪ’ ಅಂತ ಹೇಳುವುದು ಗೊತ್ತಿತ್ತು. ಸರ್ವರ್ ಒಮ್ಮೆ ಎದ್ದು ನಿಂತರೆ ಮುಗಿಯಿತು. ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟರೆ ಮಾತ್ರ ಅದರ ಹತ್ತಿರ ಹೋಗಬೇಕಿತ್ತು.

ಈ ನೋವೆಲ್‌ನ ಹುಟ್ಟು ಸ್ವಾರಸ್ಯವಾಗಿದೆ. ಅಮೆರಿಕದ ಯೂಟಾ ರಾಜ್ಯದಲ್ಲಿ ಅದು ಶುರುವಾದದ್ದು ಕಂಪ್ಯೂಟರ್ ಮಾಡುವ ಕಂಪನಿಯಾಗಿ. ಪೆಟ್ಟಿಗೆ ವ್ಯಾಪಾರ ಮುಳುಗುವ ಹಂತಕ್ಕೆ ಬಂತು. 1983ರಲ್ಲಿ ರೇ ನೂರ್ಡಾ ಕೈಗೆ ಆಡಳಿತ ಬಂದಾಗ ಕಂಪನಿಯಲ್ಲಿ ಉಳಿದಿದ್ದ ಒಳ್ಳೆಯ ಮಾಲು ಒಂದೇ: ಕಂಪ್ಯೂಟರ್‌ಗಳು ಫೈಲು, ಪ್ರಿಂಟರು ಹಂಚಿಕೊಳ್ಳುವ ಸಾಫ್ಟ್‌ವೇರ್. ಮೊದಮೊದಲು ಅದನ್ನು ತಮ್ಮದೇ ಸರ್ವರ್ ಮೇಲೆ ಓಡಿಸಿದರು. ಆಮೇಲೆ ದಾರಿ ಬದಲಿಸಿದರು. ಐಬಿಎಂ ಆಗಲಿ, ಕಾಂಪ್ಯಾಕ್ ಆಗಲಿ, ಯಾರ ಯಂತ್ರ ಆದರೂ ಸರಿ, ಯಾರ ಕಾರ್ಡ್ ಆದರೂ ಸರಿ ಅಂದರು. ಕಾರ್ಡಿನ ಬೆಲೆ ಇಳಿಯಲಿ ಅಂತ ಎನ್‌ಇ1000, ಎನ್‌ಇ2000 ಎಂಬ ಕಾರ್ಡ್‌ಗಳನ್ನು ತಾವೇ ಮಾರಿದರು. ಬೆಲೆ ಇಳಿದ ಮೇಲೆ ಆ ವ್ಯಾಪಾರದಿಂದ ಹೊರಬಂದರು. ಎನ್‌ಇ2000 ಥರದ್ದೇ ಕಾರ್ಡನ್ನು ತೈವಾನಿನವರೆಲ್ಲ ಮಾಡಿದರು. ಎಸ್.ಪಿ. ರೋಡಿನಲ್ಲಿ ನಾವು ಮಾರುತ್ತಿದ್ದುದು ಅವನ್ನೇ. ಬ್ರ್ಯಾಂಡೆಡ್ ಸರ್ವರ್ ಕೊಳ್ಳಲಾಗದ ಆಡಿಟರಿಗೂ ನೆಟ್‌ವರ್ಕ್ ಸಿಕ್ಕಿದ್ದು ಹಾಗೆ.

ನೋವೆಲ್ ಬೆಂಗಳೂರಿಗೂ ಬಂತು. ಹೊಸೂರು ರಸ್ತೆಯ ಗಾರ್ವೆಭಾವಿಪಾಳ್ಯದಲ್ಲಿ ಅವರ ಆಫೀಸು ಇತ್ತು. ನಮ್ಮ ಎಷ್ಟೋ ಹುಡುಗರು ಅಲ್ಲಿ ಕೋಡ್ ಬರೆದಿದ್ದಾರೆ. ಕೊನೆಗೆ ಏನಾಯಿತು ನೋಡಿ. 2011ರಲ್ಲಿ ಅಟ್ಯಾಚ್‌ಮೇಟ್ ಅನ್ನುವವರು 220 ಕೋಟಿ ಡಾಲರ್ ಕೊಟ್ಟು ಕೊಂಡರು. 2014ರಲ್ಲಿ ಅದು ಮೈಕ್ರೋ ಫೋಕಸ್ ಪಾಲಾಯಿತು. 2023ರಲ್ಲಿ ಮೈಕ್ರೋ ಫೋಕಸ್ ಅನ್ನೇ ಓಪನ್‌ಟೆಕ್ಸ್ಟ್ ಕೊಂಡಿತು. ಹನ್ನೆರಡು ವರ್ಷದಲ್ಲಿ ಮೂರು ಯಜಮಾನರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನೋವೆಲ್ ಕುಸಿಯಲು ಶುರುವಾದದ್ದು ಯಾರೋ ಕೊಂಡದ್ದರಿಂದಲ್ಲ. ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ ಜೊತೆಗೇ ನೆಟ್‌ವರ್ಕನ್ನೂ ಸೇರಿಸಿ ಕೊಟ್ಟಿತು. ಒಳಗೇ ಬಂದ ಮೇಲೆ ಬೇರೆ ಯಾಕೆ ಕೊಳ್ಳಬೇಕು ಅಂತ ನಮ್ಮ ಗಿರಾಕಿಗಳೂ ಕೇಳಿದರು. ನಾನೇ ಹತ್ತಾರು ಕಡೆ ನೆಟ್‌ವೇರ್ ತೆಗೆದು ಎನ್‌ಟಿ ಹಾಕಿದ್ದೇನೆ. ಜೊತೆಗೆ ನೋವೆಲ್ ತಾನೂ ತಪ್ಪು ಮಾಡಿತು. 1994ರಲ್ಲಿ ಟೈಪಿಂಗ್ ಸಾಫ್ಟ್‌ವೇರಿನ ವರ್ಡ್‌ಪರ್ಫೆಕ್ಟ್ ಕಂಪನಿ ಕೊಂಡು, ಎರಡೇ ವರ್ಷದಲ್ಲಿ ನಷ್ಟಕ್ಕೆ ಮಾರಿತು. ಹಾಗಾಗಿ ‘ಸ್ವತಂತ್ರವಾಗಿ ಬಿಡಿ, ತಾನೇ ಬದುಕುತ್ತದೆ’ ಅಂತ ನಾನು ಹೇಳುವುದಿಲ್ಲ. ಬದುಕದೆಯೂ ಹೋಗಬಹುದು.

ಕೊಳ್ಳುವವರ ವಾದದಲ್ಲೂ ಹುರುಳಿದೆ. ಸರ್ವರ್ ಒಬ್ಬರದು, ನೆಟ್‌ವರ್ಕ್ ಇನ್ನೊಬ್ಬರದು ಆದರೆ, ತೊಂದರೆ ಬಂದ ದಿನ ಒಬ್ಬರು ಇನ್ನೊಬ್ಬರ ಕಡೆ ಕೈತೋರಿಸುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ, ಮಧ್ಯೆ ನಾನು ಎರಡು ಕಿವಿಗೆ ಎರಡು ಫೋನ್ ಇಟ್ಟುಕೊಂಡು ನಿಂತಿರುತ್ತೇನೆ. ಎರಡೂ ಒಬ್ಬರದೇ ಆದರೆ ಬೈಯುವುದಕ್ಕೆ ಒಬ್ಬರಾದರೂ ಸಿಗುತ್ತಾರೆ. ಇದು ಸಣ್ಣ ಲಾಭವೇನಲ್ಲ.

ಆದರೆ ನೆಟ್‌ವರ್ಕ್ ಸಾಫ್ಟ್‌ವೇರ್‌ಗೆ ಬೆಲೆ ಬರುವುದು ಎಲ್ಲಿಂದ? ಅದು ಎಲ್ಲರ ಯಂತ್ರದ ಜೊತೆಗೂ ಮಾತಾಡುತ್ತದೆ ಎನ್ನುವುದರಿಂದ ತಾನೇ? ಪೆಟ್ಟಿಗೆ ಮಾಡುವವರು ಅದನ್ನು ಕೊಂಡ ಮರುದಿನದಿಂದಲೇ ಅವರಿಗೊಂದು ಆಸೆ ಹುಟ್ಟುತ್ತದೆ. ನಮ್ಮ ಪೆಟ್ಟಿಗೆಯಲ್ಲಿ ಸ್ವಲ್ಪ ಚೆನ್ನಾಗಿ ಓಡಲಿ, ಬೇರೆಯವರದರಲ್ಲಿ ಸ್ವಲ್ಪ ತಡವಾಗಿ ಓಡಲಿ. ಯಾರೂ ಬಾಗಿಲು ಹಾಕುವುದಿಲ್ಲ. ಯಂತ್ರಕ್ಕೂ ಸಾಫ್ಟ್‌ವೇರ್‌ಗೂ ಕೊಂಡಿಯಾಗುವ ಹೊಸ ಡ್ರೈವರ್ ಆರು ತಿಂಗಳು ತಡವಾಗುತ್ತದೆ ಅಷ್ಟೆ. ಕಾಲ್ ಸೆಂಟರಿನವರು ‘ಈ ಮಾಡೆಲ್ ಸಪೋರ್ಟೆಡ್ ಲಿಸ್ಟ್‌ನಲ್ಲಿ ಇಲ್ಲ ಸರ್’ ಅನ್ನುತ್ತಾರೆ ಅಷ್ಟೆ.

ಇದು ಹಳೆಯ ಕಥೆ ಅಂತ ಬಿಡಬೇಡಿ. 2024ರ ಜನವರಿ 9ರಂದು ಸರ್ವರ್ ಮಾಡುವ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಕಂಪನಿ, ಅಂದರೆ ಎಚ್‌ಪಿಇ, ಜುನಿಪರ್ ನೆಟ್‌ವರ್ಕ್ಸ್ ಅನ್ನು ಸುಮಾರು 1,400 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಎಚ್‌ಪಿ ಮನೆತನಕ್ಕೆ ಇದು ಹೊಸದಲ್ಲ. 2010ರಲ್ಲಿ ನೆಟ್‌ವರ್ಕ್ ಸರಕಿನ 3ಕಾಮ್ ಕೊಂಡಿದ್ದರು, 2015ರಲ್ಲಿ ವೈಫೈನ ಅರುಬಾ ಕೊಂಡಿದ್ದರು. ಜುನಿಪರ್‌ನಲ್ಲಿ ಅವರಿಗೆ ಬೇಕಿದ್ದುದು ರೂಟರ್ ಪೆಟ್ಟಿಗೆ ಮಾತ್ರವಲ್ಲ. 2019ರಲ್ಲಿ ಜುನಿಪರ್ ಕೊಂಡಿದ್ದ ಮಿಸ್ಟ್ ಎಂಬ ಸಾಫ್ಟ್‌ವೇರ್ ಕೂಡ ಬೇಕಿತ್ತು. ವೈಫೈ ಎಲ್ಲಿ ಎಡವುತ್ತಿದೆ ಅಂತ ತಾನೇ ನೋಡಿ ಹೇಳುವ ಸಾಫ್ಟ್‌ವೇರ್ ಅದು. ನಿಜ ಹೇಳಬೇಕೆಂದರೆ ನಮ್ಮಂಥವರ ಕೆಲಸಕ್ಕೇ ಕೈ ಹಾಕುವಂಥದ್ದು. ಚೆನ್ನಾಗಿದೆ, ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿದೆ.

ಅಮೆರಿಕದ ನ್ಯಾಯ ಇಲಾಖೆ 2025ರ ಜನವರಿ 30ರಂದು ಕೋರ್ಟಿಗೆ ಹೋಯಿತು. ಆಫೀಸು, ಆಸ್ಪತ್ರೆ, ಕಾಲೇಜುಗಳಿಗೆ ವೈಫೈ ಕೊಡುವುದರಲ್ಲಿ ಸಿಸ್ಕೋ ಮೊದಲು, ಎಚ್‌ಪಿಇ ಮತ್ತು ಜುನಿಪರ್ ಎರಡು, ಮೂರನೆಯವರು. ಇವರಿಬ್ಬರೂ ಒಂದಾದರೆ ಅಮೆರಿಕದ ಆ ಮಾರುಕಟ್ಟೆಯಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಎರಡೇ ಕಂಪನಿಗಳ ಕೈಗೆ ಹೋಗುತ್ತದೆ ಅನ್ನುವುದು ಇಲಾಖೆಯ ವಾದ. ವಿಚಾರಣೆ ಶುರುವಾಗುವ ಮೊದಲೇ ಜೂನ್ ಕೊನೆಗೆ ರಾಜಿಯಾಯಿತು. ಜುಲೈ 2ಕ್ಕೆ ವ್ಯವಹಾರ ಮುಗಿದೇ ಹೋಯಿತು.

ರಾಜಿಯ ಷರತ್ತು ಎರಡು. ಮಿಸ್ಟ್‌ನ ಮುಖ್ಯ ಭಾಗದ ಸೋರ್ಸ್ ಕೋಡನ್ನು ಹರಾಜಿನ ಮೂಲಕ ಪ್ರತಿಸ್ಪರ್ಧಿಗಳಿಗೆ ಲೈಸೆನ್ಸ್ ಕೊಡಬೇಕು. ಎಚ್‌ಪಿಇಯ ‘ಇನ್‌ಸ್ಟಂಟ್ ಆನ್’ ಎಂಬ ವೈಫೈ ವ್ಯಾಪಾರವನ್ನು ಪ್ರಪಂಚದ ಎಲ್ಲ ಕಡೆಯೂ ಬೇರೆಯವರಿಗೆ ಮಾರಬೇಕು. ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇನ್‌ಸ್ಟಂಟ್ ಆನ್ ಅಂದರೆ ಸಣ್ಣ ಅಂಗಡಿ, ಕ್ಲಿನಿಕ್, ಕೆಫೆಗಳಿಗೆ ಅಂತಲೇ ಮಾಡಿದ ಸರಕು. ದೊಡ್ಡವರಿಗೆ ಸ್ಪರ್ಧೆ ಉಳಿಸಲು ಸಣ್ಣವರ ಪೆಟ್ಟಿಗೆಯನ್ನು ಇನ್ನೊಬ್ಬರ ಕೈಗೆ ಕೊಡಿ ಅಂದ ಹಾಗಾಯಿತು. ಹೊಸ ಯಜಮಾನ ಯಾರೇ ಆಗಲಿ, ಬಸವನಗುಡಿಯ ಕ್ಲಿನಿಕ್ಕಿನ ವೈಫೈ ಪೆಟ್ಟಿಗೆಗೆ ಪ್ಯಾಚ್, ಅಂದರೆ ದೋಷ ಸರಿಪಡಿಸುವ ಅಪ್‌ಡೇಟ್, ಬರುತ್ತಲೇ ಇರಬೇಕು ಅಂತ ಕೇಳುವವರು ಆ ಕೋರ್ಟಿನಲ್ಲಿ ಯಾರಿದ್ದರು?

ಪ್ಯಾಚ್ ಬರುವುದು ನಿಂತರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಹೆಸರು ಬೇಡ, ಕೆಲವು ವರ್ಷದ ಹಿಂದಿನ ಮಾತು. ನರ್ಸಿಂಗ್ ಹೋಮಿನಲ್ಲಿ ಒಂದು ಕಂಪನಿಯ ವೈಫೈ ಕಂಟ್ರೋಲರ್ ಹಾಕಿದ್ದೆ. ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಪೇಪರಿನಲ್ಲಿ ಎರಡು ಸಾಲು ಬಂದಿತ್ತು, ನಾನು ಗಮನ ಕೊಡಲಿಲ್ಲ. ಆರು ತಿಂಗಳ ಮೇಲೆ ಲೈಸೆನ್ಸ್ ರಿನ್ಯೂವಲ್‌ಗೆ ಹೋದರೆ ಹಳೆಯ ಪೋರ್ಟಲ್ಲೇ ಇಲ್ಲ. ಹೊಸ ಪೋರ್ಟಲಿನಲ್ಲಿ ನಮ್ಮ ಖಾತೆ ಇಲ್ಲ. ಡೀಲರ್‌ಗೆ ಫೋನ್ ಮಾಡಿದರೆ ‘ಮೈಗ್ರೇಷನ್ ನಡೀತಿದೆ’ ಎಂಬ ಒಂದೇ ಮಂತ್ರ. ದುಡ್ಡು ಕಟ್ಟಲು ನಾವು ತಯಾರು, ಕಟ್ಟಿಸಿಕೊಳ್ಳುವವರೇ ಇಲ್ಲ. ಒಂಬತ್ತು ದಿನ. ಅಷ್ಟೂ ದಿನ ವಾರ್ಡಿನ ಟ್ಯಾಬ್ಲೆಟ್‌ಗಳು ಸತ್ತಿದ್ದವು. ನರ್ಸ್‌ಗಳು ಔಷಧಿ ಚೀಟಿ ಕೈಯಲ್ಲಿ ಬರೆದು ಮೆಟ್ಟಿಲು ಇಳಿದು ಫಾರ್ಮಸಿಗೆ ಕೊಟ್ಟರು. ಡಾಕ್ಟ್ರು ಒಂದು ದಿನ ನನ್ನನ್ನು ಕೂರಿಸಿಕೊಂಡು ಕೇಳಿದರು: “ಏನಪ್ಪಾ, ಮನೆ ಓನರ್ ಬದಲಾದರೆ ಬಾಡಿಗೆಯವರ ನೀರು ನಿಲ್ಲಿಸ್ತಾರಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುವರ್ಷ ಆ ಮಾಡೆಲ್ಲೇ ನಿಂತುಹೋಯಿತು. ಕೆಟ್ಟಿರಲಿಲ್ಲ, ಆದರೂ ಕಳಚಿ ಅಟ್ಟಕ್ಕೆ ಹಾಕಿದೆ.

ಇನ್ನೊಂದು ಉದಾಹರಣೆ ಹೇಳಲೇಬೇಕು. ಇದು ನನ್ನ ವಾದವನ್ನು ಸ್ವಲ್ಪ ಅಲ್ಲಾಡಿಸುತ್ತದೆ. ವಿಎಂವೇರ್. ಒಂದು ಯಂತ್ರದಲ್ಲಿ ಹತ್ತು ಯಂತ್ರ ಓಡಿಸುವ ಸಾಫ್ಟ್‌ವೇರ್ ಅವರದು. 2012ರಲ್ಲಿ ನಿಸಿರಾ ಎಂಬ ಕಂಪನಿ ಕೊಂಡು ನೆಟ್‌ವರ್ಕನ್ನೂ ಸಾಫ್ಟ್‌ವೇರ್‌ನಲ್ಲೇ ಕಟ್ಟುವುದಕ್ಕೆ ಶುರು ಮಾಡಿದರು. 2016ರಲ್ಲಿ ಡೆಲ್ ಕಂಪನಿ ವಿಎಂವೇರ್‌ನ ಯಜಮಾನ ಇಎಂಸಿಯನ್ನು ಕೊಂಡಾಗ ವಿಎಂವೇರ್‌ನ ದೊಡ್ಡ ಪಾಲು ಡೆಲ್ ಕೈಗೆ ಬಂತು. ಅಪ್ಪಟ ಕಂಪ್ಯೂಟರ್ ಮಾಡುವವರು. ಆದರೂ ವಿಎಂವೇರ್ ಹಾಳಾಗಲಿಲ್ಲ. ಷೇರುಪೇಟೆಯಲ್ಲಿ ಬೇರೆ ಕಂಪನಿಯಾಗಿಯೇ ಉಳಿಯಿತು. ಎಚ್‌ಪಿ, ಲೆನೊವೊ ಸರ್ವರ್‌ಗಳ ಮೇಲೂ ಓಡಿತು. 2021ರಲ್ಲಿ ಡೆಲ್ ಅದನ್ನು ಪೂರ್ತಿ ಬಿಟ್ಟುಕೊಟ್ಟಿತು. ಅಂದರೆ ಪೆಟ್ಟಿಗೆಯವರು ಕೊಂಡರೂ ಬಾಗಿಲು ತೆರೆದಿಡಬಹುದು. ಮನಸ್ಸಿದ್ದರೆ.

ಮುಂದಿನ ಅಧ್ಯಾಯ ನೋಡಿ. ಚಿಪ್ ಮಾಡುವ ಬ್ರಾಡ್‌ಕಾಮ್ ವಿಎಂವೇರ್ ಅನ್ನು ಕೊಳ್ಳಲು ಬಂತು. ಐರೋಪ್ಯ ಆಯೋಗ 2023ರ ಜುಲೈನಲ್ಲಿ ಷರತ್ತು ಹಾಕಿ ಒಪ್ಪಿತು. ಪ್ರತಿಸ್ಪರ್ಧಿ ಮಾರ್ವೆಲ್‌ನ ಕಾರ್ಡ್‌ಗಳು ವಿಎಂವೇರ್ ಜೊತೆ ಹತ್ತು ವರ್ಷ ಸರಿಯಾಗಿ ಕೆಲಸ ಮಾಡುವ ಹಾಗೆ ನೋಡಿಕೊಳ್ಳಬೇಕು ಅಂತ. ಒಳ್ಳೆಯ ಷರತ್ತೇ. ನವೆಂಬರ್‌ನಲ್ಲಿ ವ್ಯವಹಾರ ಮುಗಿಯಿತು. ತಿಂಗಳು ತುಂಬುವ ಮೊದಲೇ, ಡಿಸೆಂಬರ್‌ನಲ್ಲಿ, ಒಮ್ಮೆ ಕೊಂಡರೆ ಶಾಶ್ವತವಾಗಿ ಇಟ್ಟುಕೊಳ್ಳುವ ಲೈಸೆನ್ಸ್ ಮಾರುವುದನ್ನೇ ಬ್ರಾಡ್‌ಕಾಮ್ ನಿಲ್ಲಿಸಿತು. ಇನ್ನು ಮೇಲೆ ಚಂದಾ ಮಾತ್ರ. ಷರತ್ತು ಮುರಿದರಾ? ಇಲ್ಲ. ಷರತ್ತು ಬರೆದದ್ದು ಎದುರಾಳಿ ಕಂಪನಿಗಾಗಿ. ಗಿರಾಕಿಗಾಗಿ ಬರೆದ ಸಾಲು ಅದರಲ್ಲಿ ಇರಲಿಲ್ಲ.

ನನ್ನ ಪತ್ರದ ತಿರುಳೇ ಇದು. ಅಮೆರಿಕ ಆಗಲಿ, ಯುರೋಪ್ ಆಗಲಿ, ಅಧಿಕಾರಿಗಳು ದೊಡ್ಡವರು ದೊಡ್ಡವರ ನಡುವೆ ನ್ಯಾಯ ಮಾಡುತ್ತಾರೆ. ಕೊನೆಯಲ್ಲಿ ಕೂತಿರುವ ಗಿರಾಕಿಗೆ ಅದರಿಂದ ತಾನಾಗಿಯೇ ಒಳ್ಳೆಯದಾಗುತ್ತದೆ ಅಂತ ನಂಬುತ್ತಾರೆ. ನನ್ನ ಅನುಭವದಲ್ಲಿ ಹಾಗೆ ಆಗುವುದಿಲ್ಲ.

ನಮ್ಮೂರು ಮಾಗಡಿ ಕಡೆ. ನಮ್ಮ ದೊಡ್ಡಪ್ಪನ ಹೊಲಕ್ಕೆ ಹೋಗಬೇಕಾದರೆ ಪಕ್ಕದ ಜಮೀನಿನ ಅಂಚಿನಲ್ಲೇ ಬಂಡಿದಾರಿ. ಆ ಜಮೀನನ್ನು ಬೆಂಗಳೂರಿನವರೊಬ್ಬರು ಕೊಂಡರು. ಬಂದವರು ಮೊದಲು ಮಾಡಿದ ಕೆಲಸ, ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆದದ್ದು. ದಾರಿ ಮುಚ್ಚಿಹೋಯಿತು. ರಾಗಿ ಕೊಯ್ಲಿನ ಸಮಯ ಬೇರೆ. ದೊಡ್ಡಪ್ಪ ಜಗಳಕ್ಕೆ ಹೋಗಲಿಲ್ಲ. ತಾಲ್ಲೂಕು ಕಚೇರಿಗೆ ಹೋಗಿ ಗ್ರಾಮದ ನಕಾಶೆ ತೆಗೆಸಿಕೊಂಡು ಬಂದರು. ಅದರಲ್ಲಿ ದಾರಿಯ ಗೆರೆ ಇತ್ತು. ನಕಾಶೆ ಕಂಡ ದಾರಿ ಅನ್ನುತ್ತಾರಲ್ಲ, ಅದು. ಸರ್ವೆಯವರು ಬಂದರು, ತಂತಿ ತೆಗೆಸಿದರು. ಕೊಂಡವರು “ದುಡ್ಡು ಕೊಟ್ಟಿದ್ದೀನಿ” ಅಂತ ಕೂಗಾಡಿದರು. ದೊಡ್ಡಪ್ಪ ಹೇಳಿದ್ದಿಷ್ಟೇ: “ನೀವು ಕೊಂಡಿದ್ದು ಜಮೀನು ಸ್ವಾಮಿ. ದಾರಿ ಮಾರೋಕೆ ಅವರದ್ದಾಗಿರಲಿಲ್ಲ.”

ಆ ಜಮೀನು ಆಮೇಲೆ ಮತ್ತೆರಡು ಸಲ ಕೈ ಬದಲಾಯಿಸಿದೆ. ದಾರಿ ಇನ್ನೂ ಇದೆ. ಡೆಲ್ ಇಟ್ಟುಕೊಂಡಿದ್ದ ಒಳ್ಳೆಯ ನಡವಳಿಕೆ ವಿಎಂವೇರ್ ಮತ್ತೆ ಕೈ ಬದಲಾದಾಗ ಮುಂದಕ್ಕೆ ಬರಲಿಲ್ಲ, ಏಕೆಂದರೆ ಅದು ಯಾವ ನಕಾಶೆಯಲ್ಲೂ ಇರಲಿಲ್ಲ.

ಹಾಗಾಗಿ ಅಧ್ಯಕ್ಷರೇ, ಇಂಥ ಅರ್ಜಿ ಬಂದಾಗ ನೀವೇ ನಕಾಶೆ ಬರೆಯಿರಿ. ಸಾಫ್ಟ್‌ವೇರ್ ಇಷ್ಟು ವರ್ಷ ಯಾರ ಯಂತ್ರದ ಜೊತೆಗೆ ಕೆಲಸ ಮಾಡುತ್ತಿತ್ತೋ ಅವರ ಜೊತೆಗೆ ಅದೇ ಸಮಯಕ್ಕೆ, ಅದೇ ಗುಣಮಟ್ಟದಲ್ಲಿ ಮಾಡುತ್ತಿರಬೇಕು. ಇದು ಬೇರೆ ದೇಶದವರೂ ಕೇಳಿರುವ ಷರತ್ತು, ಹೆಚ್ಚು ವಿವರಿಸುವುದಿಲ್ಲ. ಅವರು ಕೇಳದಿರುವುದು ಇದು: ಆಗಲೇ ಕೊಂಡಿರುವ ಗಿರಾಕಿಯ ಲೈಸೆನ್ಸ್ ಮಾರಿದ ದಿನದ ಮಾತಿನಂತೆಯೇ ನಡೆಯಬೇಕು. ಶಾಶ್ವತ ಅಂದಿದ್ದರೆ ಶಾಶ್ವತ. ಐದು ವರ್ಷ ಪ್ಯಾಚ್ ಅಂದಿದ್ದರೆ ಐದು ವರ್ಷ. ಪೋರ್ಟಲ್ ಬದಲಾಯಿಸುವುದಾದರೆ ಹೊಸದರಲ್ಲಿ ಎಲ್ಲರ ಖಾತೆ ಬಂದು ಕೂತ ಮೇಲೆ ಹಳೆಯದನ್ನು ಮುಚ್ಚಲಿ. ಈ ಕೊನೆಯದು ನಿಮಗೆ ತೀರಾ ಚಿಲ್ಲರೆ ವಿಷಯ ಅನ್ನಿಸಬಹುದು. ವಾರ್ಡಿನಲ್ಲಿ ಒಂಬತ್ತು ದಿನ ನಿಂತು ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ. ಕಂಪನಿ ಇನ್ನೊಮ್ಮೆ ಮಾರಾಟವಾದರೆ ಇಷ್ಟೂ ಹೊಸಬರ ತಲೆಗೆ ಹೋಗಬೇಕು.

ನಿಮಗೆ ಈ ಅಧಿಕಾರ ಇಲ್ಲದಿಲ್ಲ. 2018ರಲ್ಲಿ ಬೇಯರ್ ಮಾನ್ಸಾಂಟೊವನ್ನು ಕೊಳ್ಳುವಾಗ ನಿಮ್ಮದೇ ಆಯೋಗ ಷರತ್ತು ಹಾಕಿತ್ತು. ಬೀಜದ ತಂತ್ರಜ್ಞಾನವನ್ನು ತಾರತಮ್ಯ ಮಾಡದೆ, ನ್ಯಾಯವಾದ ದರದಲ್ಲಿ ಇತರರಿಗೂ ಲೈಸೆನ್ಸ್ ಕೊಡಬೇಕು ಅಂತ. ಹತ್ತಿ ಬೀಜಕ್ಕೆ ಮಾಡಿದ್ದನ್ನು ವೈಫೈಗೆ ಮಾಡಬಾರದಾ? ಇನ್ನು 2024ರ ಸೆಪ್ಟೆಂಬರ್ 10ರಿಂದ ವ್ಯವಹಾರದ ಮೊತ್ತ 2,000 ಕೋಟಿ ರೂಪಾಯಿ ದಾಟಿದ್ದು, ಕಂಪನಿಗೆ ಭಾರತದಲ್ಲಿ ಗಟ್ಟಿ ವ್ಯವಹಾರ ಇದ್ದರೆ ನಿಮ್ಮ ಮುಂದೆ ಬರಲೇಬೇಕು. ಮೊದಲು ಇಲ್ಲಿನ ಆಸ್ತಿ, ವಹಿವಾಟು ಚಿಕ್ಕದು ಅಂತ ತೋರಿಸಿ ತಪ್ಪಿಸಿಕೊಳ್ಳಬಹುದಿತ್ತು. ಒಳ್ಳೆಯ ಬದಲಾವಣೆ. ಆದರೆ ಅದೇ ತಿದ್ದುಪಡಿ ನಿಮ್ಮ ಗಡುವನ್ನು 210 ದಿನದಿಂದ 150ಕ್ಕೆ ಇಳಿಸಿದೆ. ಕಂಪನಿಯವರ ವಕೀಲರಿಗೆ ಅಷ್ಟು ದಿನ ಸಾಕು. ಪೀಣ್ಯದ ಮೆಷಿನ್ ಶಾಪಿನವರಿಗೆ ಸುದ್ದಿ ಮುಟ್ಟುವುದಕ್ಕೇ ಸಾಲದು.

ಸ್ಪರ್ಧೆಗೆ ಧಕ್ಕೆ ಇದೆ ಅನ್ನಿಸಿದಾಗ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ನೀವು ವಿವರ ಪ್ರಕಟಿಸಲು ಹೇಳಿ ಜನರ ಅಭಿಪ್ರಾಯ ಕೇಳುತ್ತೀರಿ. ಅದು ಕನ್ನಡದಲ್ಲೂ ಬರಲಿ. ಕಾನೂನಿನ ಭಾಷೆ ಬೇಡ. ‘ಇಂಥ ಕಂಪನಿಯ ಸ್ವಿಚ್, ವೈಫೈ, ಸಾಫ್ಟ್‌ವೇರ್ ನಿಮ್ಮಲ್ಲಿದ್ದರೆ ಇದನ್ನು ಓದಿ’ ಅಂತ ಒಂದು ಸಾಲು ಮೇಲೆ ಇದ್ದರೆ ಸಾಕು.

ಕೇಳುವವರು ನಾವು ಮಾತ್ರ ಅಲ್ಲ. ಸಿಸ್ಕೋ, ಎಚ್‌ಪಿಇ, ಜುನಿಪರ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. ಮಹದೇವಪುರದಿಂದ ಹೊರ ವರ್ತುಲ ರಸ್ತೆಯುದ್ದಕ್ಕೂ ಈ ಕೋಡ್ ಬರೆಯುವವರೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ. ಒಂದೇ ಥರದ ಸಾಫ್ಟ್‌ವೇರ್ ಮಾಡುವ ಎರಡು ತಂಡ ಒಂದೇ ಸೂರಿನಡಿ ಬಂದರೆ ಒಂದು ತಂಡ ಜಾಸ್ತಿ ಅನ್ನಿಸುತ್ತದೆ. ಇದು ಸ್ಪರ್ಧಾ ಕಾಯ್ದೆಯ ವ್ಯಾಪ್ತಿಯಲ್ಲ ಅಂತ ನನ್ನ ಗಿರಾಕಿ ವಕೀಲರೊಬ್ಬರು ಹೇಳಿದರು. ಇರಲಿ. ಆದರೆ ಹಳೆಯ ಮಾಡೆಲ್‌ಗೆ ಪ್ಯಾಚ್ ಬರೆಯುತ್ತಿದ್ದವರು ಮನೆಗೆ ಹೋದ ಮೇಲೆ ಪ್ಯಾಚ್ ಬರೆಯುವವರು ಯಾರು? ಅಷ್ಟಾದರೂ ನೀವು ಕೇಳಬಹುದಲ್ವಾ?

ಗಾಂಧಿ ಬಜಾರಿನ ಆಡಿಟರ್ ಆಫೀಸಿನ ರ‍್ಯಾಕ್‌ನಲ್ಲಿ ಈಗ ಮೂರು ಪೆಟ್ಟಿಗೆ ಇವೆ. ಮೂರರ ಮೇಲೂ ಇರುವ ಹೆಸರು ಒಂದು, ಬಿಲ್ ಬರುವ ಹೆಸರು ಇನ್ನೊಂದು. ಯಾವುದಕ್ಕೆ ಯಾರು ಜವಾಬ್ದಾರಿ ಅಂತ ನಾನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಅಂಟಿಸಿದ್ದೇನೆ. ಎರಡು ಸಲ ಹೊಡೆದು ತಿದ್ದಿದ್ದೇನೆ. ನಿಮ್ಮ ಅಧಿಕಾರಿಗಳು ಯಾರಾದರೂ ಬೆಂಗಳೂರಿಗೆ ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಭಾನುವಾರ ಆದರೆ ಒಳ್ಳೆಯದು, ಆಫೀಸು ಮುಚ್ಚಿರುತ್ತದೆ, ಬೀಗದ ಕೈ ನನ್ನ ಹತ್ತಿರವೇ ಇದೆ.

ಇಂತಿ,
ಎಸ್.ಪಿ. ರೋಡಿನಲ್ಲಿ ಕೆಲಸ ಕಲಿತ ಒಬ್ಬ ನೆಟ್‌ವರ್ಕ್ ರಿಪೇರಿಯವ
ಬೆಂಗಳೂರು